ಹ್ಯಾಂಡಲ್ ಭಾವ

ಭಾವನ ಬೈಕಿಗೆ ಹದಿಮೂರು ವರ್ಷ ದಾಟಿತು. ಈವರೆಗೆ ಓಡಿದ್ದು ಹನ್ನೊಂದು ಸಾವಿರ ಕಿಲೋಮೀಟರ್. ಟಯರು ಎರಡನೆಯದು, ಬ್ಯಾಟರಿ ಮೂರನೆಯದು, ಹ್ಯಾಂಡಲ್ ಐದನೆಯದು. ಲೆಕ್ಕ ಹಾಕಿದರೆ ಎರಡು ಸಾವಿರದ ಇನ್ನೂರು ಕಿಲೋಮೀಟರಿಗೆ ಒಂದು ಹ್ಯಾಂಡಲ್ ಸವೆದಿದೆ. ಹ್ಯಾಂಡಲ್ ಸವೆಯುವ ವಸ್ತುವಲ್ಲ ಅಂತೀರಾ? ಭಾವನಿಗೆ ಹೇಳಿ ನೋಡಿ.

ಇಂಥವರನ್ನು ನೀವು ನೋಡಿಯೇ ಇರುತ್ತೀರಿ. ಡೊಂಬಿವಲಿ, ಮುಲುಂಡ್, ಬೊರಿವಲಿ, ಮೀರಾ ರೋಡ್, ಎಲ್ಲಾದರೂ ಸರಿ, ಭಾನುವಾರ ಬೆಳಿಗ್ಗೆ ಏಳಕ್ಕೆ ಸೊಸೈಟಿಯ ಪಾರ್ಕಿಂಗಿಗೆ ಇಳಿದು ಬನ್ನಿ. ಹಳೆಯ ಬರ್ಮುಡಾ, ಕೈಯಲ್ಲಿ ಪಾನಾ, ಬಾಯಲ್ಲಿ ನಟ್ಟು. ಬೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಸೀರೆ ಅಂಗಡಿಯಲ್ಲಿ ಸೆರಗನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಹ್ಯಾಂಡಲನ್ನು ನೋಡುತ್ತಿರುವ, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಸಿಕ್ಕೇ ಸಿಗುತ್ತಾನೆ. ನಮಗೆ ಸಿಕ್ಕಿದ್ದು ಅಕ್ಕನ ಗಂಡ.

ಕುಂದಾಪುರದ ಕಡೆಯವರು. ಬಲ್ಲಾರ್ಡ್ ಎಸ್ಟೇಟಿನ ಬ್ಯಾಂಕೊಂದರಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ. ಬೈಕಿನ ಆಸೆ ಹುಟ್ಟಿದ್ದು 2001ರಲ್ಲಿ, ಬಜಾಜ್‌ನವರು ಕವಾಸಾಕಿಯ ಜೊತೆ ಸೇರಿ ಎಲಿಮಿನೇಟರ್ ತಂದಾಗ. ಆಗ ಭಾವನಿಗೆ ಮದುವೆಯಾದ ಹೊಸತು, ಜೇಬು ಬರಿದು. 2005ರಲ್ಲಿ ಅದೇ ವಂಶದ ಅವೆಂಜರ್ ಬಂದಾಗ ಫ್ಲ್ಯಾಟಿನ ಸಾಲ. 2007ರಲ್ಲಿ ಅದು 200 ಸಿಸಿ ಆದಾಗ ಮಗಳ ಶಾಲೆಯ ಡೊನೇಷನ್. 2010ರಲ್ಲಿ 220 ಸಿಸಿ ಆದಾಗ ಭಾವನಿಗೂ ಪ್ರಮೋಷನ್ ಆಗಿತ್ತು. ಮರುವರ್ಷದ ಆಯುಧಪೂಜೆಗೆ ಗಾಡಿ ಬಂತು. ಅದರ ಮೇಲೆ ಕೂತರೆ ದೇವರೇ ಆದ ಹಾಗೆ ಅನಿಸುತ್ತದೆ ಎಂದು ಜಾಹೀರಾತಿನಲ್ಲಿ ಹೇಳುತ್ತಿದ್ದರು. ಅನಿಸಿರಬೇಕು. ನಮ್ಮ ದೇವರುಗಳೂ ವರ್ಷಕ್ಕೊಮ್ಮೆಯೇ ಅಲ್ಲವೇ ರಥ ಹತ್ತುವುದು.

ಕ್ರೂಸರ್ ಎಂದರೆ ಕಾಲು ಮುಂದೆ ಚಾಚಿ, ಬೆನ್ನು ಸಡಿಲ ಬಿಟ್ಟು, ಉದ್ದಾನುದ್ದ ದಾರಿಯಲ್ಲಿ ಸಾಗಲು ಹುಟ್ಟಿದ ಗಾಡಿ. ಮುಂಬಯಿಯಲ್ಲಿ ಅಂಥ ದಾರಿ ಇಲ್ಲವೆಂದಲ್ಲ. ಬಾಂದ್ರಾ–ವರ್ಲಿ ಸೀ ಲಿಂಕ್ 2009ರಿಂದ ಇದೆ, ದ್ವಿಚಕ್ರಕ್ಕೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ಸುಮಾರು 22 ಕಿಲೋಮೀಟರಿನ ಅಟಲ್ ಸೇತು ಬಂತು, ಅಲ್ಲೂ ಇಲ್ಲ. ಕೋಸ್ಟಲ್ ರೋಡ್ ಬಂತು, ಅದಕ್ಕೂ ನಾವು ಬೇಡ. ಪುಣೆಯ ಎಕ್ಸ್‌ಪ್ರೆಸ್‌ವೇಗೆ ಮೊದಲಿನಿಂದಲೂ ನಾವು ಆಗಿಬಂದಿಲ್ಲ. ಉಳಿದದ್ದು ಕಲ್ಯಾಣ–ಶಿಳ್ ರಸ್ತೆ, ಮಳೆಗಾಲದಲ್ಲಿ ಅದರ ಅವಸ್ಥೆ ಕೇಳಬೇಡಿ. ಹೀಗೆ ಹೋಗಲು ದಾರಿ ಇಲ್ಲದ ಗಾಡಿಯನ್ನು ನಿಂತಲ್ಲೇ ಏನಾದರೂ ಮಾಡಬೇಕಲ್ಲ? ಭಾವ ಹ್ಯಾಂಡಲಿಗೆ ಕೈ ಹಾಕಿದರು.

ಗಾಡಿಯ ಜೊತೆ ಬಂದ ಹ್ಯಾಂಡಲ್ ಎತ್ತರವಾಗಿತ್ತು, ತುದಿ ಹಿಂದಕ್ಕೆ ಬಾಗಿ ಎಮ್ಮೆಯ ಕೊಂಬಿನ ಹಾಗಿತ್ತು. ಸುಖವಾಗಿತ್ತು. ಆ ಸುಖವೇ ಭಾವನಿಗೆ ಸಂಶಯ ಹುಟ್ಟಿಸಿತು. “ಇದು ಅಜ್ಜಂದಿರ ಪೊಸಿಷನ್ ಮಾರಾಯ,” ಎಂದರು. 2013ರಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆಯ ಕಡೆಯಿಂದ ನೆಟ್ಟಗಿನ ಕೋಲಿನಂಥ ಫ್ಲ್ಯಾಟ್ ಹ್ಯಾಂಡಲ್ ತಂದರು.

ಇಲ್ಲಿ ಶರೀರಶಾಸ್ತ್ರ ಸ್ವಲ್ಪ ಹೇಳಬೇಕು. ಕ್ರೂಸರಿನ ಕಾಲಿಡುವ ಜಾಗ ಮುಂದೆ ಇರುತ್ತದೆ. ಈಗ ಕೈಯೂ ಮುಂದೆ ಹೋಯಿತು. ಕಾಲೂ ಮುಂದೆ, ಕೈಯೂ ಮುಂದೆ, ನಡುವೆ ಉಳಿದದ್ದು ಸೊಂಟ. ದೇಹದ ಪೂರ್ತಿ ಭಾರ ಬೆನ್ನೆಲುಬಿನ ಕೊನೆಯ ಮಣಿಯ ಮೇಲೆ. ದಾರಿಯಲ್ಲಿ ಹೊಂಡ ಸಿಕ್ಕಿದಾಗೆಲ್ಲ ಅದರ ಆಳ, ಅಗಲ, ನೀರಿನ ಪ್ರಮಾಣ ನೇರವಾಗಿ ತಲೆಬುರುಡೆಗೆ ವರದಿಯಾಗುತ್ತಿತ್ತು. ದೂರದಿಂದ ನೋಡಿದರೆ ಭಾವ ಬೈಕು ಓಡಿಸುತ್ತಿರಲಿಲ್ಲ, ಮಂಚದ ಕೆಳಗೆ ಹೋದ ಚಪ್ಪಲಿಗೆ ಕೈ ಚಾಚುತ್ತಿದ್ದರು. ಹ್ಯಾಂಡಲ್ ತಗ್ಗಿದ್ದಕ್ಕೆ ಕ್ಲಚ್ ವಯರು, ಎಕ್ಸಲೇಟರ್ ವಯರು ಉದ್ದ ಮಿಕ್ಕಿ ಹೆಡ್‌ಲೈಟಿನ ಮುಂದೆ ಶ್ಯಾವಿಗೆಯಂತೆ ಜೋತುಬಿದ್ದವು.

2015ರಲ್ಲಿ ಕಂಪನಿಯವರೇ ತಗ್ಗಿನ ಹ್ಯಾಂಡಲ್ ಹಾಕಿ ‘ಸ್ಟ್ರೀಟ್’ ಎಂದೂ, ಎತ್ತರದ್ದನ್ನು ‘ಕ್ರೂಸ್’ ಎಂದೂ ಒಂದೇ ಅವೆಂಜರನ್ನು ಎರಡು ಹೆಸರಲ್ಲಿ ಬಿಟ್ಟರು. ಭಾವ ನನಗೆ ಫೋನು ಮಾಡಿದರು. “ನೋಡಿದಿಯಾ? ಅವರಿಗೂ ಈಗ ಬುದ್ಧಿ ಬಂತು.” ಆಗ ಅವರು ಬೆನ್ನಿಗೆ ಬಿಸಿನೀರಿನ ಚೀಲ ಕೊಟ್ಟುಕೊಂಡು ಮಲಗಿದ್ದರೆಂದು ಅಕ್ಕ ಆಮೇಲೆ ಹೇಳಿದಳು.

ಬೆನ್ನು ಸರಿಹೋದ ಮೇಲೆ ಸೇಡು ತೀರಿಸಿಕೊಳ್ಳುವವರಂತೆ ಎದುರು ದಿಕ್ಕಿಗೆ ಹೊರಳಿದರು. ಮೂರನೆಯದು ಏಪ್ ಹ್ಯಾಂಗರ್. ಮಂಗ ಕೊಂಬೆಗೆ ನೇತಾಡುವಂತೆ ಸವಾರ ಎರಡು ಕೈ ಮೇಲೆತ್ತಿ ಹಿಡಿಯುವುದರಿಂದ ಅಮೆರಿಕದವರು ಅದಕ್ಕೆ ಆ ಹೆಸರಿಟ್ಟದ್ದು. 1969ರ ‘ಈಸಿ ರೈಡರ್’ ಸಿನಿಮಾದಲ್ಲಿ ಪೀಟರ್ ಫೊಂಡಾ ಅಂಥದೇ ಎತ್ತರದ ಹ್ಯಾಂಡಲ್ ಹಿಡಿದು ಲಾಸ್ ಏಂಜಲೀಸಿನಿಂದ ನ್ಯೂ ಆರ್ಲಿಯನ್ಸ್‌ವರೆಗೆ ಹೋದ. ಭಾವ ಅದೇ ಭಂಗಿಯಲ್ಲಿ ಮಾನಪಾಡಾ ರಸ್ತೆಯಿಂದ ಶಿಳ್ ಫಾಟಾದವರೆಗೆ ಹೋದರು.

ಈಗ ವಯರುಗಳೆಲ್ಲ ಗಿಡ್ಡ. ಕುರ್ಲಾದ ಉಸ್ತಾದ್ ಟೇಪು ಹಿಡಿದು, “ಆಠ್ ಇಂಚ್ ಕಮ್ ಪಡ್ತಾ ಹೈ ಸಾಬ್, ಹೋ ಜಾಯೇಗಾ,” ಎಂದ. ಮುಂಬಯಿಯ ಮೆಕ್ಯಾನಿಕ್ಕಿನ ಬಾಯಲ್ಲಿ ‘ಹೋ ಜಾಯೇಗಾ’ ಎಂದರೆ ನಮ್ಮ ಕಡೆ ಪಾತ್ರಿ ಅಭಯ ಕೊಟ್ಟ ಹಾಗೆ, ಮೇಲೆ ಮಾತಿಲ್ಲ. ಕ್ಲಚ್ ವಯರು ಹೊಸದು ಕಟ್ಟಿಸಿದ್ದಾಯಿತು. ಸ್ವಿಚ್ಚಿನ ತಂತಿಗಳನ್ನು ಕತ್ತರಿಸಿ ಜೋಡಿಸಿದ್ದಾಯಿತು. ಡಿಸ್ಕ್ ಬ್ರೇಕಿನ ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿ, ಲಿವರ್ ಒತ್ತಿದರೆ ಬೆಣ್ಣೆಯಲ್ಲಿ ಬೆರಳಿಟ್ಟ ಅನುಭವ. ಎಣ್ಣೆ ಸುರಿದು ಲಿವರನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಗಾಳಿ ಹೊರಡಿಸಬೇಕು. ಆ ಬ್ರೇಕ್ ಎಣ್ಣೆ ಟ್ಯಾಂಕಿನ ಮೇಲೆ ಚೆಲ್ಲಿ ಅಂಗೈಯಗಲ ಬಣ್ಣ ತಿಂದಿತು. ಹಾರ್ನಿನ ಸ್ವಿಚ್ಚಿನೊಳಗೆ ಒಂದು ಪುಟ್ಟ ಮೊಳೆ ಇರುತ್ತದೆ, ಹ್ಯಾಂಡಲಿನ ತೂತಿಗೆ ಕೂತು ಸ್ವಿಚ್ಚು ತಿರುಗದಂತೆ ಹಿಡಿಯಲು. ಹೊಸ ಹ್ಯಾಂಡಲಿಗೆ ತೂತೇ ಇಲ್ಲ. ಉಸ್ತಾದ್ ಮೊಳೆಯನ್ನೇ ಉಜ್ಜಿ ಹಾಕಿದ. ಅಲ್ಲಿಂದ ಮುಂದೆ ಹಾರ್ನ್ ಒತ್ತಿದರೆ ಸ್ವಿಚ್ಚೇ ಗರ್ರನೆ ತಿರುಗಿ ಬೆನ್ನು ತೋರಿಸುತ್ತಿತ್ತು. ಹಾರ್ನಿಲ್ಲದೆ ಡೊಂಬಿವಲಿ ಸ್ಟೇಷನ್ ರಸ್ತೆ ದಾಟಿದವರು ಯಾರಾದರೂ ಇದ್ದರೆ ಅವರ ಕಾಲಿಗೆ ನನ್ನ ನಮಸ್ಕಾರ.

ಗ್ರಿಪ್ಪು ತೂರಿಸುವ ಕೆಲಸ ಭಾವ ಮನೆಯಲ್ಲೇ ಮಾಡಿದರು. ಬಿಗಿಯಾಗಿತ್ತೆಂದು ಅಕ್ಕನ ತೆಂಗಿನೆಣ್ಣೆ ಸವರಿದರು. ಸಲೀಸಾಗಿ ಹೋಯಿತು. ಮುಂಬ್ರಾ ಬೈಪಾಸಿನಲ್ಲಿ ಅಷ್ಟೇ ಸಲೀಸಾಗಿ ಎಡಗೈಯಲ್ಲಿ ಬಂತು.

ಎಕ್ಸಲೇಟರ್ ವಯರು ಅರ್ಧ ಇಂಚು ಕಮ್ಮಿ ಬಿದ್ದದ್ದು ಗೊತ್ತಾದದ್ದು ಸೊಸೈಟಿಯ ಗೇಟಿನಲ್ಲಿ. ನೇರ ಹೋಗುವಾಗ ತೊಂದರೆಯಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ವಯರು ಬಿಗಿದು ಗಾಡಿ ತಾನಾಗಿ ರೇಸ್ ಆಗುತ್ತದೆ. ಭಾವ ಮೆಲ್ಲನೆ ತಿರುಗಿಸಿದರು, ಗಾಡಿ ಮೆಲ್ಲನೆ ತಿರುಗಲಿಲ್ಲ. ವಾಚ್‌ಮನ್ ಎದ್ದು ಚಹಾಕ್ಕೆ ಹೋಗಿದ್ದ, ಪುಣ್ಯ. ಕುರ್ಚಿ ಹೋಯಿತು.

ಅಕ್ಕ ಗ್ಯಾಲರಿಯಿಂದ ಎಲ್ಲ ನೋಡುತ್ತಿದ್ದಳು. ಅವಳಿಗೆ ಕುರ್ಚಿಯ ಚಿಂತೆಯಿರಲಿಲ್ಲ. ಎರಡೂ ಕೈ ಮೇಲೆತ್ತಿ ಕೂತ ಗಂಡನನ್ನು ನೋಡಿ ಅವಳು ಕೇಳಿದ್ದು ಇಷ್ಟೇ: “ವಾರವಿಡೀ ಲೋಕಲ್ಲಿನಲ್ಲಿ ಹೀಗೇ ನೇತಾಡಿಕೊಂಡು ಹೋಗ್ತೀರಿ. ಆದಿತ್ಯವಾರವೂ ಎಂತಕ್ಕೆ, ಅದೂ ದುಡ್ಡು ಕೊಟ್ಟು?”

ನಾನೂ ನೋಡಿದೆ. ಹೌದು. ಠಾಣೆಯವರೆಗೆ ಸೀಟು ಸಿಗದ ಫಾಸ್ಟ್ ಲೋಕಲ್ಲಿನ ಭಾವ, ಕಂಪಾರ್ಟ್‌ಮೆಂಟನ್ನು ಮಾತ್ರ ತೆಗೆದುಹಾಕಿದ ಹಾಗೆ.

ನಾಲ್ಕನೆಯದು ಚೋರ್ ಬಜಾರಿನದು. ಯಾವ ಗಾಡಿಯದೋ, ಯಾವ ಅಪಘಾತದ್ದೋ. ಒಂದು ಬೆರಳಷ್ಟು ಎಡಕ್ಕೆ ಸೊಟ್ಟ, ನೇರ ಹೋಗಬೇಕಾದರೆ ಬಲಕ್ಕೆ ತಿರುಗಿಸಿ ಹಿಡಿಯಬೇಕು. ಎರಡು ತಿಂಗಳು ಬಾಳಿತು.

ಈ ನಡುವೆ ಅಕ್ಕನ ಮಾವ ಊರಿನಿಂದ ಬಂದರು. ಯೆಜ್ಡಿಯ ಕಾಲದವರು. 1961ರಲ್ಲಿ ಮೈಸೂರಿನಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಕಿಕ್ಕರನ್ನೇ ಮಡಚಿದರೆ ಗೇರು ಆಗುತ್ತಿದ್ದ ಅದನ್ನು ಇಪ್ಪತ್ತೆರಡು ವರ್ಷ ಓಡಿಸಿದವರು. ಮಗನ ಕೆಲಸವನ್ನು ಅರ್ಧ ಗಂಟೆ ಸುಮ್ಮನೆ ನೋಡಿ ಹೇಳಿದರು: “ನಾವೂ ಒಂದು ಸಲ ಹ್ಯಾಂಡಲ್ ಬದಲಿಸಿದ್ದೆವು. ಎಮ್ಮೆಗೆ ಗುದ್ದಿದಾಗ.”

ನಾನು ಕಾನೂನಿನ ಹೆದರಿಕೆ ಹಾಕಿ ನೋಡಿದೆ. ಕಂಪನಿ ಕೊಟ್ಟ ಗಾಡಿಯನ್ನು ನೋಂದಣಿಯ ವಿವರಕ್ಕೆ ಹೊಂದದ ಹಾಗೆ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ತಿದ್ದುಪಡಿಯ ನಂತರ ಅಂಥ ಒಂದೊಂದು ಬದಲಾವಣೆಗೂ ₹5,000 ದಂಡವಿದೆ, ಆರು ತಿಂಗಳ ಜೈಲೂ ಆಗಬಹುದು ಎಂದೆ. ಭಾವ ಬ್ಯಾಂಕಿನವರು, ಕಾಗದ ಓದುವುದು ಅವರಿಗೆ ಹೊಸತಲ್ಲ. ಆರ್‌ಸಿ ತಂದು ನನ್ನ ಮುಂದಿಟ್ಟರು. “ಇಂಜಿನ್ ನಂಬರ್ ಉಂಟು, ಚಾಸಿ ನಂಬರ್ ಉಂಟು, ಬಣ್ಣ ಉಂಟು. ಹ್ಯಾಂಡಲ್ ಎಲ್ಲಿ ಉಂಟು, ತೋರಿಸು.” ಇದು ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ಡೊಂಬಿವಲಿಯ ಊಟದ ಮೇಜಿನ ಮೇಲಂತೂ ನಿಂತಿತು.

“ಹಾಗಾದರೆ ಬೈಕನ್ನೇ ಬದಲಿಸಿಬಿಡಿ ಭಾವ,” ಎಂದೆ.

ಅವರಿಗೆ ನಿಜಕ್ಕೂ ನೋವಾಯಿತು. “ಬೈಕಿಗೆ ಎಂತ ಆಗಿದೆ? ಬೈಕು ಸರಿ ಉಂಟು.”

ಹಾಗೆಂದು ದಡ್ಡರೇನಲ್ಲ. ಹ್ಯಾಂಡಲ್ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಲೆಕ್ಕಾಚಾರದ ಮನುಷ್ಯ. ಆದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ಕುರ್ಲಾದ ಬಂಟರ ಸಂಘದ ಸಭಾಂಗಣದಲ್ಲಿ ನನ್ನ ಪಕ್ಕ ಕೂತಿದ್ದರು. ರಾವಣ ಒಡ್ಡೋಲಗಕ್ಕೆ ಬಂದ. ಚೆಂಡೆ ಏರುತ್ತಿತ್ತು, ನನಗೆ ರೋಮಾಂಚನ. ಭಾವ ಕಿವಿಗೆ ಬಗ್ಗಿ, “ಭುಜಕೀರ್ತಿ ನೋಡು,” ಎಂದರು. “ಅಗಲ ಎಷ್ಟು ಕರೆಕ್ಟಾಗಿದೆ!” ಕಿಂಗ್ಸ್ ಸರ್ಕಲಿಗೆ ಭಾನುವಾರದ ದೋಸೆಗೆ ಹೋದರೆ ಅವರಿಗೆ ರಸ್ತೆ ಕಾಣುವ ಸೀಟೇ ಬೇಕು. ದೋಸೆಯ ಒಂದೊಂದು ತುಂಡಿನ ನಡುವೆಯೂ ಹೊರಗೆ ನಿಲ್ಲಿಸಿದ ಗಾಡಿಯನ್ನು, ಮೊದಲ ದಿನ ಶಾಲೆಗೆ ಬಿಟ್ಟ ಮಗುವನ್ನು ನೋಡುವಂತೆ ನೋಡುತ್ತಾರೆ.

ಬೈಕಿನಲ್ಲಿ ಊರಿಗೆ ಹೋಗುವ ಯೋಜನೆಯೂ ಹದಿಮೂರು ವರ್ಷದ್ದು. ಪನ್ವೇಲ್, ಚಿಪ್ಳೂಣ್, ಸಾವಂತವಾಡಿ, ಕಾರವಾರ, ಎಲ್ಲಿ ಚಹಾ ಎಂಬುದೂ ಬರೆದಿಟ್ಟಾಗಿದೆ. ಪ್ರತಿ ವರ್ಷ ಚೌತಿಯ ಮೊದಲು ಕೇಳಿದರೆ, “ಹ್ಯಾಂಡಲ್ ಒಂದು ಸೆಟ್ ಆಗಲಿ,” ಎನ್ನುತ್ತಾರೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನ ಟಿಕೇಟನ್ನು ಅಕ್ಕ ಎರಡು ತಿಂಗಳ ಮೊದಲೇ ತೆಗೆದಿಟ್ಟಿರುತ್ತಾಳೆ.

ಐದನೆಯ ಹ್ಯಾಂಡಲ್ ಕಳೆದ ಜೂನಿನಲ್ಲಿ ಬಂತು. ಅತಿ ಎತ್ತರವೂ ಅಲ್ಲ, ಅತಿ ತಗ್ಗೂ ಅಲ್ಲ. ಕೆಳಗೆ ಎರಡು ಇಂಚಿನ ರೈಸರ್ ಕೊಟ್ಟು, ಸ್ವಲ್ಪ ಹಿಂದಕ್ಕೆ ಎಳೆದು ಕೂರಿಸಿದರು. ಬೆನ್ನು ನೋಯಲಿಲ್ಲ. ಗಾಡಿ ತಾನಾಗಿ ರೇಸ್ ಆಗಲಿಲ್ಲ. ಭಾವ ಸಂಭ್ರಮದಿಂದ ಟೇಪು ತಂದು ಅಳತೆ ಬರೆದುಕೊಂಡರು. ಆಮೇಲೆ ಹಳೆಯ ಡೈರಿ ತೆಗೆದರು. 2011ರ ಪುಟದಲ್ಲಿ ಮೊದಲ ಹ್ಯಾಂಡಲಿನ ಅಳತೆಯಿತ್ತು. ಎತ್ತರ, ಅಗಲ, ಹಿಂದಿನ ಬಾಗು, ಎಲ್ಲವೂ ಅರ್ಧ ಇಂಚಿನ ಒಳಗೆ ಅದೇ.

ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಆ ಅರ್ಧ ಇಂಚಿನಲ್ಲೇ ಇರುವುದು,” ಎಂದು ಎದ್ದರು. “ಹಳೆಯದು ಎಲ್ಲಿ ಉಂಟು?”

ಹಳೆಯದು ಗ್ಯಾಲರಿಯಲ್ಲಿತ್ತು. ಅಕ್ಕ ಅದನ್ನು ನೈಲಾನ್ ಹಗ್ಗದಲ್ಲಿ ಚಾವಣಿಯ ಕೊಂಡಿಗೆ ತೂಗುಹಾಕಿ ವರ್ಷಗಳೇ ಆಗಿದ್ದವು. ತುದಿ ಬಾಗಿರುವುದರಿಂದ ಬಟ್ಟೆ ಜಾರುವುದಿಲ್ಲ, ಸ್ಟೀಲಾದ್ದರಿಂದ ಎಷ್ಟು ಭಾರವಾದರೂ ಬಗ್ಗುವುದಿಲ್ಲ. ಜುಲೈ ತಿಂಗಳ ಮುಂಬಯಿಯಲ್ಲಿ ಬಟ್ಟೆ ಒಣಗುವ ಜಾಗವನ್ನು ಯಾವ ಹೆಂಗಸೂ ಬಿಟ್ಟುಕೊಡುವುದಿಲ್ಲ. “ಮುಟ್ಟಿದರೆ ನೋಡಿ,” ಎಂದಳು ಅಕ್ಕ ಅಡಿಗೆಮನೆಯಿಂದಲೇ.

ನಾನು ಚಹಾ ಹಿಡಿದು ಗ್ಯಾಲರಿಗೆ ಹೋದಾಗ ಭಾವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎರಡು ಒದ್ದೆ ಲಂಗಗಳ ನಡುವೆ ತಲೆ ತೂರಿಸಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದರು. ಕಣ್ಣು ಮುಚ್ಚಿತ್ತು. ಹೊರಗೆ ಜಡಿಮಳೆ. ಹಗ್ಗ ತೂಗಿದಂತೆ ಸ್ವಲ್ಪ ಎಡಕ್ಕೆ ವಾಲಿದರು, ಆಮೇಲೆ ಸ್ವಲ್ಪ ಬಲಕ್ಕೆ.

“ಎಲ್ಲಿಗೆ ಮುಟ್ಟಿದಿರಿ ಭಾವ?” ಎಂದೆ.

“ಸಾವಂತವಾಡಿ,” ಎಂದರು, ಕಣ್ಣು ತೆರೆಯದೆ.