ಅಧರ್ಮ ದ್ರವ್ಯ ವಿಚಾರ: ಬೆದ್ರ ಪೇಟೆಯಲ್ಲಿ ವಾಹನ ನಿಲ್ಲುವ ಬಗೆ

ವಿದ್ವಾಂಸರಲ್ಲಿ ಒಂದು ಅರೆತಿಳಿವಳಿಕೆ ಬಹುಕಾಲದಿಂದ ಉಳಿದುಬಂದಿದೆ. ಮೂಡುಬಿದಿರೆಗೆ ಜೈನಕಾಶಿ ಎಂಬ ಹೆಸರು ಬಂದದ್ದು ಹದಿನೆಂಟು ಬಸದಿಗಳಿಂದ, ಸಿದ್ಧಾಂತ ಬಸದಿ ಕಾಪಾಡಿಕೊಂಡು ಬಂದ ಧವಲಾ, ಜಯಧವಲಾ, ಮಹಾಧವಲಾ ತಾಡಪತ್ರಗಳಿಂದ ಎಂದು ಅವರು ಬರೆಯುತ್ತ ಬಂದಿದ್ದಾರೆ. ಸರಿಯೇ. ಆದರೆ ಅದೇ ಸಿದ್ಧಾಂತದ ಅತಿ ಕಠಿಣ ಭಾಗವೊಂದನ್ನು ಓಲೆಗರಿ ಬಿಚ್ಚದೆಯೇ, ಪೇಟೆಯ ಮುಖ್ಯರಸ್ತೆಯಲ್ಲಿ, ದಿನಕ್ಕೆರಡು ಹೊತ್ತು ಸಾರ್ವಜನಿಕರು ಪ್ರಯೋಗ ಮಾಡಿ ತೋರಿಸುತ್ತಿದ್ದಾರೆ ಎಂಬುದು ಯಾರ ಕಣ್ಣಿಗೂ ಬಿದ್ದಿಲ್ಲ. ಆ ಕೊರತೆಯನ್ನು ತುಂಬುವುದಕ್ಕೆ ಈ ಪ್ರಬಂಧ.

ಜೈನ ದರ್ಶನದಲ್ಲಿ ದ್ರವ್ಯಗಳು ಆರು: ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ. ಇಲ್ಲಿ ಧರ್ಮವೆಂದರೆ ಪುಣ್ಯವಲ್ಲ, ಅಧರ್ಮವೆಂದರೆ ಪಾಪವಲ್ಲ. ಚಲಿಸುವುದಕ್ಕೆ ಆಸರೆಯಾಗುವುದು ಧರ್ಮ, ಮೀನಿಗೆ ನೀರಿದ್ದ ಹಾಗೆ. ನಿಲ್ಲುವುದಕ್ಕೆ ಆಸರೆಯಾಗುವುದು ಅಧರ್ಮ, ದಾರಿಹೋಕನಿಗೆ ಮರದ ನೆರಳಿದ್ದ ಹಾಗೆ. ನೆರಳು ಯಾರ ಕೈಯನ್ನೂ ಹಿಡಿದು ಎಳೆಯುವುದಿಲ್ಲ; ನಿಲ್ಲುವವನಿಗೆ ಒದಗುತ್ತದೆ, ಅಷ್ಟೆ. ಈ ದೃಷ್ಟಾಂತ ಕೊಟ್ಟ ಆಚಾರ್ಯರು ಎಪ್ರಿಲ್ ತಿಂಗಳ ಮಧ್ಯಾಹ್ನ ಕಾರಿಗೆ ನೆರಳು ಹುಡುಕುವ ನಮ್ಮವರನ್ನು ಜ್ಞಾನದೃಷ್ಟಿಯಿಂದ ಕಂಡಿದ್ದರೆನ್ನುವುದರಲ್ಲಿ ನನಗೆ ಸಂಶಯವಿಲ್ಲ. ಪುದ್ಗಲವೆಂದರೆ ಜಡವಸ್ತು, ಅಂದರೆ ವಾಹನ. ಜೀವವೆಂದರೆ ಅದನ್ನು ಓಡಿಸುವವನು. ಜೀವವು ಪುದ್ಗಲವನ್ನು ರಸ್ತೆಯಲ್ಲಿ ಬಿಟ್ಟು ಗೋಳಿಬಜೆ ತಿನ್ನಲು ಹೋಗುವುದಕ್ಕೆ ಲೋಕರೂಢಿಯಲ್ಲಿ ಪಾರ್ಕಿಂಗ್ ಎನ್ನುತ್ತಾರೆ.

ಕೋಶಕಾರರಿಗೆ ಇಲ್ಲೊಂದು ಸೂಚನೆ. ಘಟ್ಟದ ಮೇಲೆ ಪಾರ್ಕ್ ಎಂದರೆ ಹೂಗಿಡ, ಕಲ್ಲುಬೆಂಚು ಇರುವ ಜಾಗ. ನಮ್ಮಲ್ಲಿ ಪಾರ್ಕ್ ಎಂದರೆ ರಿಕ್ಷಾಗಳು ಸಾಲು ಹಿಡಿದು ನಿಲ್ಲುವ ಜಾಗ. "ಪಾರ್ಕಿನ ಹತ್ತಿರ ಇಳಿಯಿರಿ, ಅಲ್ಲೇ ನಮ್ಮ ಮನೆ" ಎಂದದ್ದನ್ನು ನಂಬಿ ಬೆಂಗಳೂರಿನ ನೆಂಟರೊಬ್ಬರು ಮಕ್ಕಳಿಗೆ ಜಾರುಬಂಡೆ ಹುಡುಕುತ್ತ ಪೇಟೆ ಸುತ್ತಿ, ಕೊನೆಗೆ ರಿಕ್ಷಾ ಮಾಡಿಕೊಂಡೇ ಮನೆ ಸೇರಿದರು. ಪಾರ್ಕಿನಿಂದ ಪಾರ್ಕಿಗೆ.

ಇನ್ನು ಆಕಾಶ. ಎಲ್ಲ ದ್ರವ್ಯಗಳಿಗೂ ಇರಲು ಜಾಗ ಕೊಡುವುದು ಅದರ ಕೆಲಸ. ಅದು ಅನಂತವೆಂದು ಶಾಸ್ತ್ರ ಹೇಳುತ್ತದೆ. ಪೇಟೆಗೆ ಬಂದರೆ ಹಾಗೆ ಕಾಣುವುದಿಲ್ಲ. ದೋಷ ಊರ ಹೆಸರಿನಲ್ಲೇ ಇದೆಯೆಂದು ನನ್ನ ಊಹೆ. ಮೂಡಣ ದಿಕ್ಕಿನ ಬಿದಿರೆ ಮೂಡುಬಿದಿರೆ, ಪಡುವಣದ್ದು ಪಡುಬಿದ್ರಿ. ಸಂಸ್ಕೃತದವರು ವೇಣುಪುರ ಎಂದರು, ತುಳುವರು ಬೆದ್ರ ಎಂದು ಚುಟುಕಾಗಿ ಮುಗಿಸಿದರು. ಯಾರು ಏನೆಂದರೂ ಮೂಲದಲ್ಲಿ ಇದ್ದದ್ದು ಬಿದಿರ ಮೆಳೆ. ಮೆಳೆಯಲ್ಲಿ ಒಂದು ಬಿದಿರು ಹೊರಗೆ ಬರಬೇಕಾದರೆ ಉಳಿದ ಅಷ್ಟೂ ಬಿದಿರು ಅಲುಗಬೇಕು. ಮದುವೆ ಹಾಲಿನ ಅಂಗಳದಲ್ಲಿ ಊಟದ ಹೊತ್ತಿಗೆ ಕಾರು ತೆಗೆಯಲು ಹೋದವರಿಗೆ ಇದರ ವಿವರಣೆ ಬೇಕಾಗಿಲ್ಲ. ಆಕಾಶವನ್ನು ಹಿಡಿದಿಡುವ ಉಪಕರಣಗಳನ್ನೂ ಊರವರು ಕಂಡುಕೊಂಡಿದ್ದಾರೆ: ಅಂಗಡಿಯ ಮುಂದೆ ಒಂದು ಸ್ಟೂಲು, ಎರಡು ಕೆಂಪುಕಲ್ಲು, ನೀರು ತುಂಬಿದ ಬಾಲ್ದಿ. ಬಾಲ್ದಿ ಎಷ್ಟು ಹೊತ್ತು ನಿಂತರೂ ಅದಕ್ಕೆ ದಂಡವಿಲ್ಲ.

ಈ ಊರಿನಲ್ಲಿ ಶಿಸ್ತಾಗಿ ನಿಂತವರು ಇಲ್ಲವೇ ಎಂದರೆ ಇದ್ದಾರೆ. 1430ರ ಸಾವಿರ ಕಂಬದ ಬಸದಿಯಲ್ಲಿ ಅಷ್ಟೂ ಕಂಬಗಳು ನಿಂತಲ್ಲೇ ನಿಂತಿವೆ. ಒಂದರ ಹಾಗೆ ಇನ್ನೊಂದಿಲ್ಲ ಎಂಬುದು ಅವುಗಳ ಖ್ಯಾತಿ. ಆದರೂ ಒಂದು ಇನ್ನೊಂದಕ್ಕೆ ಅಡ್ಡವಿಲ್ಲ, ನಡುವೆ ಮನುಷ್ಯರು ಆರಾಮವಾಗಿ ಓಡಾಡಬಹುದು. ಎದುರಿಗೆ ಮಾನಸ್ತಂಭವಿದೆ, ಅದನ್ನು ಕಂಡವರ ಅಹಂಕಾರ ಇಳಿಯುತ್ತದಂತೆ. ದೊಡ್ಡ ಕಾರುಗಳಲ್ಲಿ ಬಂದವರ ಮೇಲೆ ಇದರ ಪರಿಣಾಮ ನೋಡಲು ನಾನೊಮ್ಮೆ ಹೋಗಿ ಕಾದೆ. ಅಹಂಕಾರ ಹೋಗಲಿ, ಎಸಿ ಬಿಟ್ಟು ಅವರೇ ಇಳಿಯಲಿಲ್ಲ.

ಇತಿಹಾಸಕ್ಕೆ ಬರೋಣ. ದಾರಿ ನಡುವೆ ನಿಂತು ಮಾತಾಡುವುದು ಈಚಿನವರ ಕೆಟ್ಟ ಚಾಳಿ ಎಂದು ಹಿರಿಯರು ಗೊಣಗುತ್ತಾರೆ. ದಾಖಲೆ ಬೇರೆ ಹೇಳುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಈ ಸೀಮೆಗೆ ಬಂದಾಗ ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಬರಿಗಾಲಲ್ಲಿ ಬರುತ್ತಿದ್ದ ರಾಣಿ ಅಲ್ಲೇ ನಿಂತು, ಯಾವ ದೇಶ, ಏನು ಕಥೆ ಎಂದು ಅವನನ್ನು ವಿಚಾರಿಸಿದಳು. ಆಕೆ ಚೌಟರ ಮನೆತನದವಳು. ಆ ಮನೆತನದ ಅರಮನೆ ಇಂದಿಗೂ ಮೂಡುಬಿದಿರೆಯಲ್ಲಿದೆ. ಹಾಗಾಗಿ ಇಬ್ಬರು ಬೈಕಿನವರು ರಸ್ತೆ ಮಧ್ಯೆ ಹ್ಯಾಂಡಲಿಗೆ ಹ್ಯಾಂಡಲು ತಾಗಿಸಿ ನಿಂತು "ಎಂಥ ಮಾರಾಯ, ಕಾಣುದೇ ಇಲ್ಲ" ಎಂದು ಶುರುಮಾಡಿದರೆ ಹಾರ್ನ್ ಹಾಕಬಾರದು. ನಡೆಯುತ್ತಿರುವುದು ರಾಜಮರ್ಯಾದೆ.

ಅದೇ ಅರಮನೆಯ ಮರದ ಕೆತ್ತನೆಯಲ್ಲಿ ನವನಾರೀಕುಂಜರವಿದೆ: ಒಂಬತ್ತು ಹೆಂಗಸರು ಮೈಗೆ ಮೈ ಹೊಂದಿಸಿ ಒಂದು ಆನೆಯಾಗಿದ್ದಾರೆ. ಪಕ್ಕದಲ್ಲೇ ಐವರು ಸೇರಿ ಕುದುರೆಯಾದ ಪಂಚನಾರೀತುರಗ. ಕಲಾವಿಮರ್ಶಕರು ಇದರಲ್ಲಿ ಲಾಲಿತ್ಯ ಕಂಡರು. ನನಗೆ ಕಾಣುವುದು ಸಾರಿಗೆ ನೀತಿ. ಒಂಬತ್ತು ಜನಕ್ಕೆ ಒಂದು ವಾಹನ, ಅದೂ ಆನೆಯೊಂದು ನಿಲ್ಲುವಷ್ಟೇ ಜಾಗದಲ್ಲಿ. ಶಾಲೆ ಬಿಡುವ ಹೊತ್ತಿಗೆ ಈ ತತ್ತ್ವವನ್ನು ಇಂದಿಗೂ ಪಾಲಿಸಿಕೊಂಡು ಬಂದಿರುವುದು ರಿಕ್ಷಾಗಳು ಮಾತ್ರ. ಉಳಿದವರಿಗೆ ಒಬ್ಬರಿಗೊಂದು ಆನೆ.

ಇದಕ್ಕೂ ಹಿಂದಿನ ಪ್ರಕರಣ ಬೇಕೆಂದರೆ 941ರಲ್ಲಿ ಪಂಪ ಮುಗಿಸಿದ ಆದಿಪುರಾಣಕ್ಕೆ ಹೋಗಬೇಕು. ದಿಗ್ವಿಜಯ ಮುಗಿಸಿ ಬಂದ ಭರತ ಚಕ್ರವರ್ತಿಯ ಚಕ್ರರತ್ನ ಊರ ಬಾಗಿಲಲ್ಲಿ ನಿಂತುಬಿಡುತ್ತದೆ. ಒಳಗೂ ಹೋಗದು, ಬದಿಗೂ ಸರಿಯದು. ಗೇಟಿನೆದುರು ಚಕ್ರ ನಿಂತ ಇದಕ್ಕಿಂತ ದೊಡ್ಡ ನಿದರ್ಶನ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ. ಕಾರಣ ಹುಡುಕಿದರೆ ಸಿಕ್ಕಿದ್ದೇನು? ಅಣ್ಣತಮ್ಮಂದಿರ ತಕರಾರು. ಗೇಟಿಗೆ ಅಡ್ಡ ನಿಂತ ಯಾವ ಗಾಡಿಯ ಬುಡವನ್ನಾದರೂ ಕೆದಕಿ ನೋಡಿ, ಪಾಲುಪಟ್ಟಿಯ ಒಂದು ಚೂರು ಸಿಕ್ಕಿಯೇ ಸಿಗುತ್ತದೆ.

ಆ ತಮ್ಮನ ಕಥೆ ಇನ್ನೂ ಮುಖ್ಯ. ನಿಂತವರಲ್ಲಿ ಬಾಹುಬಲಿಯನ್ನು ಮೀರಿಸಿದವರಿಲ್ಲ. ಕಾಲಿಗೆ ಬಳ್ಳಿ ಹಬ್ಬಿ, ಹುತ್ತ ಬೆಳೆಯುವವರೆಗೆ ನಿಂತವನು. 1432ರಿಂದ ಕಾರ್ಕಳದ ಬೆಟ್ಟದ ಮೇಲೆ 42 ಅಡಿ ಎತ್ತರಕ್ಕೆ ನಿಂತೇ ಇದ್ದಾನೆ. ಅಷ್ಟು ತಪಸ್ಸು ಮಾಡಿದರೂ ಅವನಿಗೆ ಕೇವಲಜ್ಞಾನ ಬೇಗ ಬರಲಿಲ್ಲ. ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು: ನಾನು ನಿಂತಿರುವುದು ಭರತನ ನೆಲ. ನಮ್ಮ ಓಣಿಯ ಕೊನೆಯಲ್ಲಿ ಒಂದು ಹಳೆಯ ಕಾರಿದೆ. ಅದಕ್ಕೂ ಬಳ್ಳಿ ಹಬ್ಬಿದೆ, ಚಕ್ರದ ಬುಡದಲ್ಲಿ ಹುತ್ತ ಎದ್ದಿದೆ, ಒಳಗೆ ಬೆಕ್ಕು ಮರಿಹಾಕಿದೆ. ಅದು ನಿಂತಿರುವುದೂ ಬೇರೆಯವರ ನೆಲದಲ್ಲಿಯೇ. ಮುಳ್ಳಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ. ಕೊರತೆ ಇರುವುದು ಧರ್ಮ ದ್ರವ್ಯದ್ದು, ರಸ್ತೆ ಅಗಲ ಸಾಲದು, ಹಿಂದೆ 13 ಆಗಿದ್ದು ಈಗ 169 ಆಗಿರುವ ಹೆದ್ದಾರಿ ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ 45 ಕಿ.ಮೀ. ಚತುಷ್ಪಥವಾದರೆ ಎಲ್ಲ ಸರಿಹೋಗುತ್ತದೆ ಎಂಬ ವಾದ. ಇದು ನಿಲ್ಲುವುದಿಲ್ಲ. ರಸ್ತೆ ಅಗಲವಾದರೆ ರಸ್ತೆಯ ಬದಿಯೂ ಅಗಲವಾಗುತ್ತದೆ. ಬದಿ ಇದ್ದಲ್ಲಿ ನಮ್ಮವರು ನಿಲ್ಲಿಸಿಯೇ ನಿಲ್ಲಿಸುತ್ತಾರೆ. ವೇಗಕ್ಕೂ ಅಗಲಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಸಾಕ್ಷಿ ಮನೆಯಂಗಳದಲ್ಲೇ ಇದೆ. 2020ರಲ್ಲಿ ಐಕಳ ಕಂಬಳದಲ್ಲಿ ನಮ್ಮ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಕರೆಯ, ಅಂದರೆ ಓಟದ ಹಾದಿಯ, ಅಗಲ ಒಂದು ಜೋಡಿ ಕೋಣ ಓಡುವಷ್ಟು, ಮೇಲಿಂದ ಮೊಣಕಾಲುದ್ದ ಕೆಸರು. ಮತ್ತೆ ಹೇಗೆ ಸಾಧ್ಯವಾಯಿತು? ಕರೆಯ ನಡುವೆ ಕೋಣ ನಿಲ್ಲಿಸಿ "ಸ್ವಲ್ಪ ಔಷಧ ಅಂಗಡಿಗೆ ಹೋಗಿ ಬರ್ತೇನೆ" ಎನ್ನುವವರು ಅಲ್ಲಿರಲಿಲ್ಲ. ಸಂತೆಯ ದಿನ ಪೇಟೆಯಲ್ಲಿ ಅಷ್ಟೇ ದೂರವನ್ನು ನಾನು ಕಾರಿನಲ್ಲಿ ಕ್ರಮಿಸುವಾಗ ಪೆನ್‌ಡ್ರೈವಿನ ತಾಳಮದ್ದಳೆಯಲ್ಲಿ ಕೃಷ್ಣ ಸಂಧಾನಕ್ಕೆ ಹೊರಟವನು ಸಂಧಾನ ಮುರಿದು ವಾಪಸು ಬಂದಿದ್ದ.

ಕಾನೂನಿನ ಬಗ್ಗೆ ಎರಡು ಮಾತು ಸಾಕು. 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಸೆಕ್ಷನ್ ಪ್ರಕಾರ ಬೇರೆಯವರಿಗೆ ಅಡ್ಡಿಯಾಗುವಂತೆ ವಾಹನ ನಿಲ್ಲಿಸಕೂಡದು. 1989ರ ರಸ್ತೆ ನಿಯಮಗಳು ಎಲ್ಲೆಲ್ಲಿ ಕೂಡದೆಂದು ಪಟ್ಟಿ ಮಾಡಿದವು: ಕೂಡುರಸ್ತೆ, ತಿರುವು, ದಿಬ್ಬದ ನೆತ್ತಿ, ಕಾಲುದಾರಿ, ಬಸ್ ನಿಲ್ದಾಣದ ಹತ್ತಿರ, ಶಾಲೆ ಆಸ್ಪತ್ರೆಗಳ ಬಾಗಿಲು, ನಿಂತ ಇನ್ನೊಂದು ವಾಹನದ ಮಗ್ಗುಲು. ಬೆದ್ರದ ನಕ್ಷೆಯಿಂದ ಇವಿಷ್ಟನ್ನು ಕಳೆದರೆ ಉಳಿಯುವುದು ಕೆರೆಗಳು ಮಾತ್ರ.

ಕಾಲ ದ್ರವ್ಯದ ವಿಚಾರ ಸೂಕ್ಷ್ಮವಾದದ್ದು. ಜೈನರ ಕಾಲಗಣನೆಯಲ್ಲಿ ಅತಿ ಚಿಕ್ಕದು ಸಮಯ. ಹಾಗೆಯೇ ಮೇಲೆ ಬಂದರೆ 48 ನಿಮಿಷದ ಮುಹೂರ್ತ. ಇನ್ನೂ ಮೇಲಕ್ಕೆ ಎಣಿಕೆಗೆ ನಿಲುಕದ ಪಲ್ಯೋಪಮ, ಸಾಗರೋಪಮ. ಈ ಶ್ರೇಣಿಯಲ್ಲಿ ಪೇಟೆಯವರು ದಿನವೂ ಬಳಸುವ "ಒಂಜಿ ನಿಮಿಷ" ಎಂಬ ಮಾನಕ್ಕೆ ಸ್ಥಾನ ಕೊಟ್ಟಿಲ್ಲ. ನನ್ನ ಅಧ್ಯಯನದಂತೆ ಅದು ಮುಹೂರ್ತಕ್ಕಿಂತ ದೊಡ್ಡದು, ಪಲ್ಯೋಪಮಕ್ಕಿಂತ ಚಿಕ್ಕದು. ಆಶ್ಚರ್ಯವೆಂದರೆ ಅದೇ ಊರಿನಲ್ಲಿ ಇನ್ನೊಂದು ನಿಮಿಷವೂ ಚಾಲ್ತಿಯಲ್ಲಿದೆ: ಬಸ್ಸಿನ ನಿಮಿಷ. ಮಂಗಳೂರು, ಬೆದ್ರ, ಕಾರ್ಕಳ ಲೈನಿನ ಪ್ರೈವೇಟ್ ಬಸ್ಸು ಟೈಮಿಗಿಂತ ಒಂದು ನಿಮಿಷ ಹೆಚ್ಚು ನಿಂತಿತೆಂದರೆ ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ಫುಟ್‌ಬೋರ್ಡಿನ ಹತ್ತಿರವೇ ಜಗಳ ಹೂಡುತ್ತಾನೆ. ಬೆದ್ರದ ಜನ ಅರ್ಧ ನಿಮಿಷಕ್ಕೆ ಪ್ರಾಣ ಕೊಡುವುದನ್ನೂ ಒಂದು ಗಂಟೆಯನ್ನು ಒಂದು ನಿಮಿಷವೆಂದು ಕರೆಯುವುದನ್ನೂ ಒಂದೇ ಜಗಲಿಯಲ್ಲಿ ನಿಂತು ನೋಡಬಹುದು. "ಪೋಯಿ", ಅಂದರೆ ಹೋಗೋಣ, ಎಂದು ಕಂಡಕ್ಟರ್ ಕೂಗುತ್ತಾನೆ, ಎದುರಿನ ಕಾರಿನವರು "ಇತ್ತೆ ಬತ್ತೆ" ಎನ್ನುತ್ತಾರೆ.

ಆ ಎರಡನೆಯ ಮಾತಿನ ವ್ಯಾಕರಣ ಗಮನಿಸಿ. "ಬತ್ತೆ" ಎಂದರೆ ಬಂದೆ. ಬಂದಾಗಿಲ್ಲ, ಬನ್ಸ್ ಈಗಷ್ಟೇ ಟೇಬಲ್ಲಿಗೆ ಬಂದಿದೆ. ಕನ್ನಡದಲ್ಲೂ "ಈಗ ಬಂದೆ" ಎನ್ನುತ್ತೇವೆ. ಭವಿಷ್ಯದಲ್ಲಿ ಎಂದಾದರೂ ಆಗಬಹುದಾದ್ದನ್ನು ಭೂತಕಾಲದಲ್ಲಿ ಹೇಳಿ ಎದುರಿನವನ ಬಾಯಿ ಮುಚ್ಚಿಸುವ ಈ ಪ್ರಯೋಗಕ್ಕೆ ವೈಯಾಕರಣ ಕೇಶಿರಾಜ ಒಂದು ಸೂತ್ರ ಬರೆದಿದ್ದರೆ ಪೊಲೀಸರಿಗೂ ಅನುಕೂಲವಾಗುತ್ತಿತ್ತು.

ಸಂಜೆ ಚಾ ಹೋಟೆಲಿನಲ್ಲಿ ಈ ವಿಷಯದ ಮೇಲೆ ನಡೆಯುವ ಚರ್ಚೆ ಜೈನ ತರ್ಕದ ಏಳು ಬಗೆಯ ಹೇಳಿಕೆಗಳಾದ ಸಪ್ತಭಂಗಿಯ ಕ್ರಮದಲ್ಲೇ ಸಾಗುತ್ತದೆ. ಪೇಟೆಯಲ್ಲಿ ಜಾಗ ಉಂಟೋ? ಸ್ಯಾದಸ್ತಿ, ಒಂದು ದೃಷ್ಟಿಯಿಂದ ಉಂಟು: ಬೆಳಗ್ಗಿನ ಐದು ಗಂಟೆಗೆ. ಸ್ಯಾನ್ನಾಸ್ತಿ, ಇನ್ನೊಂದು ದೃಷ್ಟಿಯಿಂದ ಇಲ್ಲ. ಸ್ಯಾದಸ್ತಿನಾಸ್ತಿ, ಉಂಟು ಮತ್ತು ಇಲ್ಲ: ಬೈಕಿಗೆ ಉಂಟು, ಕಾರಿಗಿಲ್ಲ. ನಾಲ್ಕನೆಯದು ಸ್ಯಾದವಕ್ತವ್ಯ, ಅಂದರೆ ಬಾಯಲ್ಲಿ ಹೇಳಲಾಗದ್ದು: ಅಡ್ಡ ನಿಂತ ಪಿಕಪ್‌ನವನಿಗೆ ರಿಕ್ಷಾದವರು ಹೇಳಿದ ಮಾತು. ಉಳಿದ ಮೂರು ಭಂಗಿಗಳು ಮೊದಲ ಮೂರಕ್ಕೆ ಈ ಅವಕ್ತವ್ಯವನ್ನು ಸೇರಿಸಿದಾಗ ಸಿಗುತ್ತವೆ. ಜಾಗ ಇದ್ದರೂ ಬೈಗಳು, ಇಲ್ಲದಿದ್ದರೂ ಬೈಗಳು, ಇದ್ದೂ ಇಲ್ಲದಿದ್ದರೂ ಬೈಗಳು.

"ಮಾಷ್ಟ್ರೆ, ನಿಮ್ಮ ಸ್ಕೂಟರ್ ಒಂಚೂರು ಆಚೆ ಇಡಿ, ಗಿರಾಕಿ ಬರುವ ಹೊತ್ತು."

"ಇಡುವ, ಅದಕ್ಕೇನು. ಮೊದಲು ನಿಮ್ಮ ಅಕ್ಕಿಗೋಣಿ ಒಳಗೆ ಹೋಗ್ಲಿ ಮಾಮ್."

"ಗೋಣಿ ಮೂವತ್ತು ವರ್ಷದಿಂದ ಅಲ್ಲೇ ಉಂಟಲ್ಲ!"

"ಹಾಗಾದ್ರೆ ಸ್ಕೂಟರಿಗೂ ಮೂವತ್ತು ವರ್ಷ ಆಗ್ಲಿ."

ಇಬ್ಬರ ವಾದದಲ್ಲೂ ದೋಷ ಹುಡುಕಲು ನನ್ನಿಂದಾಗಲಿಲ್ಲ. ಬೇರೆಯವರ ಪುದ್ಗಲಕ್ಕೆ ಧರ್ಮ ದ್ರವ್ಯ ಬೇಕು, ನಮ್ಮದಕ್ಕೆ ಅಧರ್ಮ. ಇಷ್ಟರ ಮಟ್ಟಿಗೆ ಸಭೆ ಒಮ್ಮತದಲ್ಲಿತ್ತು.

ಕೊನೆಯದಾಗಿ ಒಂದು ಪಾಠಾಂತರ ಸಮಸ್ಯೆ. ಪೇಟೆಯ ತಿರುವೊಂದರಲ್ಲಿ ತಗಡಿನ ಬೋರ್ಡಿದೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿಯಲ್ಲಿ ಇದರ ಉಲ್ಲೇಖವಿಲ್ಲ. ಅವರ ಕಾಲಕ್ಕೆ ಇದರ ಅಗತ್ಯ ಬಿದ್ದಿರಲಿಕ್ಕಿಲ್ಲ. ಮಳೆಗಾಲಗಳನ್ನು ಕಂಡು ಲಿಪಿ ಸವೆದಿದೆ. ಉಳಿದಿರುವುದು "ಇಲ್ಲಿ ವಾಹನ ನಿಲ್ಲಿಸಬ", ಒಂದು ತುಕ್ಕಿನ ತೂತು, ಆಮೇಲೆ "ದು". ಒಂದು ಪಂಥದವರು ಇದನ್ನು "ನಿಲ್ಲಿಸಬಾರದು" ಎಂದು ಓದುತ್ತಾರೆ, ಬಕಾರದ ದೀರ್ಘ ತುಕ್ಕಿಗೆ ಹೋಗಿದೆಯೆಂಬುದು ಅವರ ನಿಲುವು. ಇನ್ನೊಂದು ಪಂಥ "ನಿಲ್ಲಿಸಬಹುದು" ಎಂದು ಓದುತ್ತದೆ. ಅಕ್ಷರ ಎಣಿಸಿದರೆ ಎರಡೂ ಆರಾರು. ತೂತು ಹಿಡಿಯುವುದು ಒಂದೇ ಅಕ್ಷರ. ಮೊದಲ ಪಂಥದಲ್ಲಿರುವವರೆಲ್ಲ ಆ ತಿರುವಿನಲ್ಲಿ ಮನೆ ಇರುವವರು. ಎರಡನೆಯದರಲ್ಲಿ ಕಾರು ಇರುವವರು. ಮನೆ, ಕಾರು ಎರಡೂ ಇರುವ ಒಬ್ಬರು ಬೆಳಗ್ಗೆ ಒಂದು ಪಾಠವನ್ನೂ ಸಂಜೆ ಒಂದು ಪಾಠವನ್ನೂ ಒಪ್ಪುತ್ತಾರೆ.

ಹೋದ ಮಳೆಗಾಲ ಕಳೆದ ಮೇಲೆ ಬೋರ್ಡಿಗೆ ಹೊಸ ಬಣ್ಣ ಬಳಿಯಲು ಪೈಂಟರ್ ಒಬ್ಬ ಬಂದ. ಪಿಕಪ್ಪನ್ನು ಬೋರ್ಡಿನ ಬುಡದಲ್ಲೇ ನಿಲ್ಲಿಸಿ, ಹಳೆಯದನ್ನು ಪೂರ್ತಿ ಕೆರೆದು, ಬಿಳಿ ಬಳಿದು, "ಇಲ್ಲಿ ವಾಹನ ನಿಲ್ಲಿಸ" ಎಂಬಲ್ಲಿಯವರೆಗೆ ಬರೆದು ಏಣಿಯ ಮೇಲಿಂದ ತಿರುಗಿ ಕೇಳಿದ:

"ಬಾರದೋ, ಬಹುದೋ?"

ಎರಡೂ ಪಂಥಗಳು ಒಟ್ಟಿಗೆ ಬಾಯಿಬಿಟ್ಟವು. ಐದು ನಿಮಿಷ ಕಾದ ಅವನು ಬ್ರಶ್ಶನ್ನು ಡಬ್ಬಿಯಲ್ಲಿಟ್ಟು ಏಣಿ ಇಳಿದು "ಇತ್ತೆ ಬತ್ತೆ" ಎಂದು ಚಾ ಕುಡಿಯಲು ಹೋದ.

ಅಂದಿನಿಂದ ಬೋರ್ಡು ಹಾಗೆಯೇ ಇದೆ. ಅದು ಅಪೂರ್ಣವೆಂದು ಜನ ನಗುತ್ತಾರೆ. ನಾನು ಒಪ್ಪುವುದಿಲ್ಲ. "ಮಾಡ" ಎಂದರೆ ಮಾಡುವುದಿಲ್ಲ, "ಬಾರ" ಎಂದರೆ ಬರುವುದಿಲ್ಲ. ಹಳೆಯ ಕನ್ನಡದ ನಿಷೇಧರೂಪ ಅದು. ಆ ಲೆಕ್ಕದಲ್ಲಿ "ಇಲ್ಲಿ ವಾಹನ ನಿಲ್ಲಿಸ" ಎಂಬುದು ಕರ್ತೃ ಮರೆಯಾದ, ವ್ಯಾಕರಣಶುದ್ಧವಾದ, ಪೂರ್ಣ ವಾಕ್ಯ: ಅವನು ಇಲ್ಲಿ ವಾಹನ ನಿಲ್ಲಿಸುವುದಿಲ್ಲ. ಇದನ್ನು ಊರವರಿಗೆ ವಿವರಿಸಲು ಮೊನ್ನೆ ಆ ತಿರುವಿಗೆ ಹೋಗಿದ್ದೆ. ಪಿಕಪ್ ಅಡ್ಡ ಇದ್ದುದರಿಂದ ಬೋರ್ಡು ಯಾರಿಗೂ ಕಾಣಿಸಲಿಲ್ಲ.