ಡಬ್ಬಿಯ ಮೇಲಿನ ಶನಿ

ಅಗ್ಗದ ಟೆಲಿಸ್ಕೋಪು ಕೊಂಡರೆ ಅತ್ಯಂತ ಸ್ಫುಟವಾಗಿ ಕಾಣುವ ಗ್ರಹವೆಂದರೆ ಅದರ ಡಬ್ಬಿಯ ಮೇಲೆ ಅಚ್ಚಾದ ಶನಿ. ಪಕ್ಕದಲ್ಲೇ ದಪ್ಪಕ್ಷರದಲ್ಲಿ ‘525 ಪಟ್ಟು’ ಎಂದಿರುತ್ತದೆ. ಒಳಗಿನ ಲೆನ್ಸು 60 ಮಿಲಿಮೀಟರಿನದಾದರೆ ಅದು ತಾಳುವುದು ಹೆಚ್ಚೆಂದರೆ 120 ಪಟ್ಟು. ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಬಲ್ಲವರ ಲೆಕ್ಕ. ಅದನ್ನೂ ಮೀರಿ ಹಿಗ್ಗಿಸಿದರೆ ಶನಿ ದೊಡ್ಡವನಾಗುತ್ತಾನೆ ನಿಜ, ನೀರು ಹೊಯ್ದ ಸಾರು ಹೆಚ್ಚಾದಂತೆ. ಗೆಲಿಲಿಯೋ 1610ರಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ. ಹಾಗಾಗಿ ಕಾಸು ಕಡಿಮೆಯಿದ್ದವರು ನೋಡಬೇಕಾದದ್ದು ಲೆನ್ಸಿನ ಅಗಲ. ಅದಕ್ಕಿಂತಲೂ ಮುಖ್ಯವಾಗಿ, ಸ್ಟ್ಯಾಂಡಿನ ಕಾಲು. ಕಾಲು ನಡುಗಿದರೆ ಚಂದ್ರನೂ ಕುಣಿಯುತ್ತಾನೆ. ಲೆನ್ಸಿನಿಂದ ಬಿಂಬ ಮೂಡುವಲ್ಲಿಗೆ ಇರುವ ಸಂಗಮದೂರವನ್ನು ಐಪೀಸಿನ, ಅಂದರೆ ಕಣ್ಣಿಡುವ ಪುಟ್ಟ ಲೆನ್ಸಿನ, ಸಂಗಮದೂರದಿಂದ ಭಾಗಿಸಿದರೆ ಸಿಗುವುದೇ ಪಟ್ಟು. 70 ಮಿಲಿಮೀಟರಿನ ಲೆನ್ಸು, 700 ಮಿಲಿಮೀಟರಿನ ಸಂಗಮದೂರ ಇದ್ದರೆ 25 ಮಿಲಿಮೀಟರಿನ ಐಪೀಸಿಗೆ 28 ಪಟ್ಟು, 10ರದಕ್ಕೆ 70. ಚಂದ್ರನ ಕುಳಿಗೂ ಶನಿಯ ಬಳೆಗೂ ಇಷ್ಟು ಧಾರಾಳ.

ಅದೇ ದುಡ್ಡಿಗೆ ಇನ್ನೂ ಅಗಲವಾದ ಕನ್ನಡಿಯ ಟೆಲಿಸ್ಕೋಪು ಸಿಗುತ್ತದಲ್ಲ ಎನ್ನುವವರ ಮಾತು ಸುಳ್ಳಲ್ಲ. ಆದರೆ ಕನ್ನಡಿಗಳನ್ನು ಆಗಾಗ ನೇರಕ್ಕೆ ತಂದು ಕೂರಿಸಬೇಕು. ಹೊಸಬರು ಸ್ಕ್ರೂ ತಿರುಗಿಸಿ ಮುಗಿಸುವಷ್ಟರಲ್ಲಿ ಗುರು ಮುಳುಗಿರುತ್ತಾನೆ. ಲೆನ್ಸಿನದಕ್ಕೆ ಸಾಮಾನ್ಯವಾಗಿ ಆ ಗೋಳಿಲ್ಲ. ಹೊಳೆಯುವ ಗ್ರಹಗಳ ಅಂಚಿಗೆ ನೇರಳೆ ಜರಿ ಕಾಣುತ್ತದೆ, ಒಪ್ಪೋಣ. ಉದ್ದ ಸಂಗಮದೂರವಿದ್ದರೆ ಅದು ಕಡಿಮೆ. ಮೇಲಾಗಿ ಆ ಜರಿಗೆ ಯಾರೂ ಬೇರೆ ಹಣ ಕೇಳುವುದಿಲ್ಲ. ಕೆಲವು ಡಬ್ಬಿಗಳಲ್ಲಿ ಐಪೀಸಿಗೆ ತಿರುಪುವ ‘ಸೂರ್ಯ ಫಿಲ್ಟರ್’ ಕೂಡ ಪುಕ್ಕಟೆ ಬರುತ್ತದೆ. ಬಿಸಿಲಿನ ಕಾವಿಗೆ ಅದು ಬಿರುಕುಬಿಟ್ಟರೆ ಹೋಗುವುದು ಕಣ್ಣು. ಮಕ್ಕಳ ಕೈಗೆ ಸಿಗುವ ಮೊದಲೇ ಅದನ್ನು ಕಸಕ್ಕೆ ಎಸೆಯಿರಿ.