ಪಿಸ್ತೂಲಿಲ್ಲದ ಶೂಟರ್

ಬೂಕನಕೆರೆ ಎಂದರೆ ಹೊರಗಿನವರಿಗೆ ನೆನಪಾಗುವುದು ಯಡಿಯೂರಪ್ಪ. ಅವರ ಹೆಸರಿನ ಮುಂದಿರುವ ‘ಬಿ’ ಈ ಊರೇ. ಊರಿಗೇ ಬಂದು ಹೋಟೆಲಿನಲ್ಲಿ ಟೀ ಹೇಳಿದವರಿಗೆ ಮಾತ್ರ ಇನ್ನೊಬ್ಬರು ಗಂಟುಬೀಳುತ್ತಾರೆ. ಅವರಿಗೆ ಕಬ್ಬಿನ ಗದ್ದೆಯಿದೆ, ಎರಡು ಸೀಮೆಹಸುಗಳಿವೆ, ಪಿಸ್ತೂಲು ಇಲ್ಲ. ಆದರೂ ಎಲ್ಲರ ಬಾಯಲ್ಲಿ ಅವರು ‘ಪಿಸ್ತೂಲಣ್ಣ’.

ಪಿಸ್ತೂಲಣ್ಣನ ಹಂಬಲವೆಲ್ಲ ಪಾಯಿಂಟ್ ಟೂಟೂ ಮೇಲೆ. ಕಾಡತೂಸಿನ ಅಂಚಿನಲ್ಲೇ ಸಿಡಿಮದ್ದು ಇಟ್ಟುಕೊಂಡ ಈ ಪುಟ್ಟ ಗುಂಡು 1887ರಷ್ಟು ಹಳೆಯದು. ಸದ್ದು ಕಡಿಮೆ, ಒದೆತ ಕಡಿಮೆ, ಬೆಲೆಯೂ ಕಡಿಮೆ. ಇಷ್ಟಕ್ಕೆ ನಿಲ್ಲಿಸಿದರೆ ಅವರಂಥ ಸಜ್ಜನರಿಲ್ಲ. ಆದರೆ ಜರ್ಮನಿಯ ವಾಲ್ತರ್ ಪಿಸ್ತೂಲು ಮೇಲೋ ಇಟಲಿಯ ಪಾರ್ಡಿನಿ ಮೇಲೋ ಎಂಬಲ್ಲಿಂದ ಅವರ ಅಸಲು ಮಾತು ಶುರುವಾಗುತ್ತದೆ. ‘ಸೈಟ್ ಇನ್ನೂ ತೀರ್ಮಾನ ಆಗಿಲ್ಲ’ ಎಂದು ಅವರು ಒಮ್ಮೆ ಅಂದಾಗ, ಪಕ್ಕದಲ್ಲಿದ್ದ ಬೀಗರು ಮೈಸೂರಲ್ಲೋ ಮಂಡ್ಯದಲ್ಲೋ ಎಂದು ವಿಚಾರಿಸಿದ್ದುಂಟು.

ಪಿಸ್ತೂಲಿಗೆ ಗುರಿ ಹಿಡಿಯುವ ಆ ಸೈಟಿನ ಪಾಠ ಕೇಳಿದವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಪಿಸ್ತೂಲಣ್ಣ ಮೇಜಿನ ಮೇಲೆ ಎರಡು ಟೀ ಲೋಟ ಜೋಡಿಸಿದರು: ಹಿಂದಿನ ಸೈಟು. ಆಚೆ ತುದಿಗೆ ಬೆಂಕಿಪೊಟ್ಟಣ ನಿಲ್ಲಿಸಿದರು: ಮುಂದಿನ ಸೈಟು. ಗೋಡೆಯ ಕರೆಂಟ್ ಮೀಟರು ಗುರಿ.

‘ಬಗ್ಗಿ ನೋಡಿ ಮೇಷ್ಟ್ರೆ. ಕಣ್ಣು ಎಲ್ಲಿಟ್ರಿ?’

‘ಮೀಟರ್ ಮೇಲೆ.’

‘ಅಲ್ಲೇ ತಪ್ಪಿದ್ದು ಕಣಿ! ಬೆಂಕಿಪೊಟ್ಟಣ ಸ್ಪಷ್ಟ ಕಾಣ್ಬೇಕು, ಮೀಟರ್ ಮಬ್ಬಾಗ್ಬೇಕು. ಪೊಟ್ಟಣದ ಎಡಕ್ಕೂ ಬಲಕ್ಕೂ ಬೆಳಕು ಸಮ ಇರ್ಬೇಕು.’

ಅರವತ್ತು ದಾಟಿದ ಮೇಷ್ಟ್ರಿಗೆ ಮೂರೂ ಮಬ್ಬಾಗಿಯೇ ಕಂಡವು. ಅಷ್ಟರಲ್ಲಿ ಲೆಕ್ಕ ಬಂತು. ಎರಡು ಸೈಟುಗಳ ನಡುವೆ 20 ಸೆಂಟಿಮೀಟರ್, ಗುರಿ 25 ಮೀಟರ್ ದೂರ, ಅಂದರೆ 125 ಪಟ್ಟು. ಮುಂದಿನ ಸೈಟು ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಗುಂಡು ಹನ್ನೆರಡೂವರೆ ಸೆಂಟಿಮೀಟರ್ ಆಚೆ. ಹತ್ತು ಅಂಕದ ವೃತ್ತದ ಅಗಲವೇ 5 ಸೆಂಟಿಮೀಟರ್. ಲೆಕ್ಕ ಸರಿಯಾಗಿಯೇ ಇತ್ತು, ಅದೇ ಮೇಷ್ಟ್ರ ಸಂಕಟ. ಬಳಿಕ ಒಂದು ಲೀಟರಿನ ನೀರಿನ ಬಾಟಲಿಯನ್ನು ಅವರ ಕೈಗಿತ್ತು, ‘ಪಿಸ್ತೂಲೂ ಹೆಚ್ಚುಕಮ್ಮಿ ಇಷ್ಟೇ ತೂಕ, ಒಂದೇ ಕೈಲಿ ಚಾಚಿ ಹಿಡೀರಿ’ ಎಂದರು. ಬಾಟಲಿ ಸುಗ್ಗಿಕುಣಿತ ಶುರುಮಾಡಿತು. ಆ ತೋಳುನೋವು ಎಷ್ಟು ದಿನ ಉಳಿಯಿತೆಂಬುದು ಈ ಲೇಖಕನಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಬಾರದು.

‘ಕೆಂಪು ಚುಕ್ಕೆಯ ಸೈಟು ಹಾಕಿಸಿದ್ರೆ ಈ ರಗಳೆ ಇಲ್ವಲ್ಲ?’ ಎಂದು ಮೇಷ್ಟ್ರು ತಪ್ಪಿಸಿಕೊಳ್ಳಲು ನೋಡಿದರು. ಒಲಿಂಪಿಕ್ಸ್ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ತೆರೆದ ಸೈಟೇ ಗತಿ ಎಂಬ ಉತ್ತರಕ್ಕೆ ಇನ್ನೊಂದು ಟೀ ಆರಿತು.

ಕೊಳ್ಳುವ ಮಾತು ಬಂದರೆ ಮಾತ್ರ ಪಿಸ್ತೂಲಣ್ಣ ಮೆತ್ತಗಾಗುತ್ತಾರೆ. ಕೊಡವರಿಗಾದರೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ, ಬೂಕನಕೆರೆಯಿರುವ ಕೆ.ಆರ್.ಪೇಟೆ ತಾಲೂಕಿನವರು ಮಂಡ್ಯದ ಡಿಸಿ ಕಚೇರಿಗೆ ಅರ್ಜಿ ಹಾಕಿ, ಪೊಲೀಸ್ ವರದಿಗೆ ಕಾಯಬೇಕು. ಹಂದಿಯಿಂದ ಬೆಳೆ ಕಾಯುವ ಕೋವಿಯವರೂ ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುವುದನ್ನು ಪಿಸ್ತೂಲಣ್ಣ ಕಂಡಿದ್ದಾರೆ. ವಿದೇಶಿ ಪಿಸ್ತೂಲು ತರಿಸಲು ಸ್ಪರ್ಧೆಯಲ್ಲಿ ಗಳಿಸಿದ ಅಂಕ ತೋರಿಸಬೇಕು, ಅಂಕ ಗಳಿಸಲು ಪಿಸ್ತೂಲು ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ದಾರಿಯೇನೋ ಇದೆ: ಬೆಂಗಳೂರಿನ ಕ್ಲಬ್ಬೊಂದನ್ನು ಸೇರಿ ಅವರ ಪಿಸ್ತೂಲಿನಲ್ಲೇ ಕಲಿಯುವುದು. ಆಗ ಹಸುವಿನ ಹಾಲು ಕರೆಯುವವರು ಯಾರು?

ಒಂದು ಕಾಲಕ್ಕೆ ಅವರು 50 ಮೀಟರ್ ಪಿಸ್ತೂಲನ್ನೇ ನೆಚ್ಚಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲೇ ಇದ್ದ ಸ್ಪರ್ಧೆ. 2016ರ ರಿಯೊದಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅದರಲ್ಲಿ ನಿಂತಿದ್ದರು. ಯಾವ ಪಿಸ್ತೂಲು, ಯಾವ ಹಿಡಿ ಎಂದು ಪಿಸ್ತೂಲಣ್ಣ ಅಳೆದು ತೂಗಿ ಮುಗಿಸುವ ಹೊತ್ತಿಗೆ ಒಲಿಂಪಿಕ್ಸಿನಿಂದ ಆ ಸ್ಪರ್ಧೆಯನ್ನೇ ತೆಗೆದುಹಾಕಿದರು. ಆ ಸುದ್ದಿ ಹೇಳುವಾಗ ಮಾತ್ರ ಪಿಸ್ತೂಲಣ್ಣ ಲೋಟ ಜೋಡಿಸುವುದಿಲ್ಲ. ಎಲ್ಲರೂ ಗದ್ದೆ, ಸಾಲ, ರಾಜಕೀಯ ಎನ್ನುವ ಕಟ್ಟೆಯಲ್ಲಿ ಅವರೊಬ್ಬರು ಇಷ್ಟು ವರ್ಷ ಒಂದು ಮಿಲಿಮೀಟರಿನ ಚಿಂತೆ ಮಾಡಿದ್ದಾರೆ. ಬೈಯಲು ಮನಸ್ಸು ಬಾರದು.

2024ರ ಪ್ಯಾರಿಸ್ ಅವರನ್ನು ಮತ್ತೆ ಎಬ್ಬಿಸಿತು. ಮನು ಭಾಕರ್, ಸರಬ್ಜೋತ್ ಸಿಂಗ್ ಜೋಡಿ ಕಂಚು ತಂದ ಸ್ಪರ್ಧೆಯಲ್ಲೇ, ತುರ್ಕಿಯ 51ರ ಯೂಸುಫ್ ದಿಕೆಚ್ ಬರೀ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಿಗಿಳಿಸಿ ಬೆಳ್ಳಿ ಹೊಡೆದರು. ಪಿಸ್ತೂಲಣ್ಣನೂ ಹಾಗೇ ನಿಂತು ನೋಡಿದರು. ಪಂಚೆಗೆ ಜೇಬಿಲ್ಲ, ಜೇಬಿರುವುದು ಒಳಗಿನ ಪಟಾಪಟಿ ಚಡ್ಡಿಗೆ. ಹೋಟೆಲಿನಲ್ಲಿ ಅದನ್ನು ಹುಡುಕಲು ಹೋಗಿ ಆದ ರಾದ್ಧಾಂತವನ್ನು ವಿವರಿಸುವುದು ಬೇಡ.

‘ಏರ್ ಪಿಸ್ತೂಲಾದ್ರೂ ತಗೊಳ್ರಣ್ಣ’ ಎಂದು ಕೊನೆಗೆ ಮೇಷ್ಟ್ರೇ ಅಂದರು. ‘ಮನು ಗೆದ್ದಿದ್ದೂ ಅದರಲ್ಲೇ. ಅದಕ್ಕೆ ಲೈಸೆನ್ಸ್ ರಗಳೆ ಇಲ್ಲ, ಹತ್ತೇ ಮೀಟರ್ ಸಾಕು, ನಿಮ್ಮ ಹಿತ್ತಲಲ್ಲೇ ಆಯ್ತದೆ.’

ಪಿಸ್ತೂಲಣ್ಣ ಅಂಗೈ ಬಿಡಿಸಿ ನೋಡಿಕೊಂಡರು. ‘ಹಿಡಿ ಅಂಗೈ ಅಳತೆಗೇ ಬರ್ಬೇಕು ಮೇಷ್ಟ್ರೆ, ಸಣ್ಣದು, ನಡುತರದ್ದು, ದೊಡ್ಡದು ಅಂತದೆ. ಈಗ ಕಬ್ಬು ಕಡ್ದು ಕಡ್ದು ಕೈ ಊದ್ಕೊಂಡದೆ. ಕಟಾವು ಮುಗೀಲಿ, ಅಳತೆ ಕೊಡ್ತೀನಿ.’